ಭಾನುವಾರ ಮಕ್ಕಳ ವಾರ್ಡ್‌ಗೆ ಆರ್‌ಸಿ ಕಾರು (ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರು) ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಆಸ್ಪತ್ರೆ ಗೇಟಿನ ಹತ್ತಿರ ಸೇರೋಣ.

ಬ್ಯಾಟರಿ ಗಾಡಿ ಮಾತ್ರ ತನ್ನಿ. ನೈಟ್ರೋ, ಅಂದರೆ ಇಂಧನ ಹಾಕಿ ಓಡಿಸುವ ಗಾಡಿ ಬೇಡ, ಅದರ ಹೊಗೆ, ಸದ್ದು ಎರಡೂ ವಾರ್ಡ್‌ಗೆ ಆಗುವುದಿಲ್ಲ. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಬನ್ನಿ. ಊದಿಕೊಂಡಿದ್ದರೆ ಖಂಡಿತ ತರಬೇಡಿ. ಥ್ರಾಟಲ್ (ಗಾಡಿಯ ವೇಗದ ಹಿಡಿತ) ಅರ್ಧಕ್ಕಿಂತ ಕಡಿಮೆಗೆ ಇಳಿಸಿಡಿ.

ಟೈರಿನ ಮಣ್ಣು ಶನಿವಾರವೇ ತೊಳೆದು ಒಣಗಿಸಿ. ಕ್ಯಾನ್ಸರ್‌ಗೆ ಕಿಮೋ ನಡೆಯುತ್ತಿರುವ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ರಿಮೋಟ್ ಕೈ ಬದಲಾದಾಗಲೆಲ್ಲ ಸ್ಪಿರಿಟ್‌ನಿಂದ ಒರೆಸಬೇಕು. ಸ್ವಲ್ಪ ನೆಗಡಿ ಇದ್ದರೂ ನೀವು ಬರಬೇಡಿ, ಗಾಡಿ ಕಳಿಸಿ ಸಾಕು.

ಕಳೆದ ಸಲ ಒಬ್ಬ ಪುಟ್ಟ ಹುಡುಗನ ಬಲಗೈಗೆ ಡ್ರಿಪ್ ಹಾಕಿದ್ದರು. ಪಿಸ್ತೂಲಿನಂಥ ರಿಮೋಟ್‌ಗೆ ಎರಡು ಕೈ ಬೇಕು ಅಲ್ವಾ? ಅವನು ಎಡಗೈಯಲ್ಲಿ ಟ್ರಿಗರ್ ಒತ್ತಿದ, ಅವನ ಅಮ್ಮ ಚಕ್ರ ತಿರುಗಿಸಿದರು. "ಅಮ್ಮಾ, ಎಡಕ್ಕೆ! ಎಡಕ್ಕೆ!" ಕಾರು ಮಂಚದ ಕೆಳಗೆ ನುಗ್ಗಿ, ಆ ಕಡೆ ನರ್ಸಮ್ಮನ ಚಪ್ಪಲಿ ಹತ್ತಿರ ನಿಂತಿತು. ಅವನ ನಗು ಕಾರಿಡಾರ್‌ವರೆಗೂ ಕೇಳಿಸಿತು. ಈ ಸಲವೂ ಹಾಗೆ ಜೊತೆಗೂಡಿ ಓಡಿಸಲು ಬಿಡಿ. ನಾವು ರಿಮೋಟ್ ಇಸ್ಕೊಂಡು ಸ್ಟಂಟ್ ತೋರಿಸುವುದು ಬೇಡ.

ಮಕ್ಕಳ ಫೋಟೋ, ವಿಡಿಯೋ ಬೇಡವೇ ಬೇಡ. ಯಾವ ಗಾಡಿ ತರುತ್ತೀರಿ ಅಂತ ಶುಕ್ರವಾರದೊಳಗೆ ಇಲ್ಲೇ ಹಾಕಿ.