ಸಿಪಿಆರ್ ತರಬೇತಿಗೆ ಮಕ್ಕಳೊಡನೆ ನೀವೂ ಬನ್ನಿ

ಮಾನ್ಯ ಪೋಷಕರೇ,

ಜುಲೈ ತಿಂಗಳ ಮೊದಲ ಶನಿವಾರ ತರಗತಿಗಳು ಮುಗಿದ ಬಳಿಕ, ನಮ್ಮ ಪ್ರೌಢಶಾಲೆಯ ಸಭಾಭವನದಲ್ಲಿ ತಾಲೂಕು ಆಸ್ಪತ್ರೆಯ ವೈದ್ಯರು ಎಲ್ಲ ವಿದ್ಯಾರ್ಥಿಗಳಿಗೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆಯೊತ್ತಿ, ಉಸಿರು ಕೊಟ್ಟು ಜೀವ ಉಳಿಸಲೆತ್ನಿಸುವ ತುರ್ತು ನೆರವನ್ನು ಕಲಿಸಲಿದ್ದಾರೆ. ಪ್ರತಿ ಮಗುವಿನೊಡನೆ ಮನೆಯ ಹಿರಿಯರೊಬ್ಬರು ಬಂದು ತಾವೂ ಕಲಿಯಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜುಲೈ ಕೊನೆಯವರೆಗೆ ನಿಷೇಧವಿರುವುದರಿಂದ ಕಡಲಿಗೆ ಹೋಗುವ ತಂದೆಯಂದಿರೂ ಆಗ ಊರಲ್ಲೇ ಇರುತ್ತಾರೆಂದು ಈ ದಿನವನ್ನು ಆರಿಸಿಕೊಂಡಿದ್ದೇವೆ.

ಹೃದಯ ಏಕಾಏಕಿ ನಿಂತಾಗ ಮಿದುಳಿಗೆ ರಕ್ತ ಹೋಗುವುದೂ ನಿಲ್ಲುತ್ತದೆ. ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ, ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. 108 ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಹೆದ್ದಾರಿ ಬಿಟ್ಟು, ಗದ್ದೆಬಯಲು ದಾಟಿ, ತೋಟದಾಚೆಯ ಮನೆಗೆ ಆ ಅವಧಿಯಲ್ಲಿ ತಲುಪುವುದು ಕಷ್ಟ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಇಂಥ ಘಟನೆಗಳು ಹೆಚ್ಚಾಗಿ ಮನೆಯಲ್ಲೇ ಸಂಭವಿಸುವುದರಿಂದ ಆಗ ಪಕ್ಕದಲ್ಲಿರುವವರು ಹೆಂಡತಿ, ಮಗ, ಸೊಸೆ ಅಥವಾ ನೆರೆಯವರೇ ಹೊರತು ವೈದ್ಯರಲ್ಲ.

ಕುಸಿದುಬಿದ್ದವರ ಮುಖಕ್ಕೆ ನೀರು ಚಿಮುಕಿಸುವುದು, ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣದ ಕೀಲಿ ಕೊಡುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ಹೃದಯ ನಿಂತವರಿಗೆ ಇವುಗಳಿಂದ ಪ್ರಯೋಜನವಿಲ್ಲ, ಅಮೂಲ್ಯ ನಿಮಿಷಗಳು ಮಾತ್ರ ಕಳೆಯುತ್ತವೆ. ಕರೆದರೂ ಅಲುಗಾಡಿಸಿದರೂ ಎಚ್ಚರವಾಗದೆ, ಉಸಿರಾಡದೆ ಅಥವಾ ಬಿಟ್ಟುಬಿಟ್ಟು ತೇಕುತ್ತಿದ್ದರೆ, ಒಬ್ಬರು 108ಕ್ಕೆ ಕರೆ ಮಾಡಬೇಕು; ಇನ್ನೊಬ್ಬರು ರೋಗಿಯನ್ನು ಮಂಚದಿಂದ ಗಟ್ಟಿ ನೆಲಕ್ಕಿಳಿಸಿ, ಎದೆಯ ನಡುಮೂಳೆಯ ಕೆಳಭಾಗದ ಮೇಲೆ ಒಂದರ ಮೇಲೊಂದು ಅಂಗೈಯ ಬುಡವನ್ನಿಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಆ ತೇಕನ್ನು ಉಸಿರಾಟವೆಂದು ತಿಳಿದು ಸುಮ್ಮನಾಗುವುದುಂಟು, ಅದನ್ನು ಗುರುತಿಸುವುದನ್ನೇ ವೈದ್ಯರು ಮೊದಲು ತೋರಿಸುತ್ತಾರೆ. ವಯಸ್ಕರಲ್ಲಿ ದಿಢೀರನೆ ಹೃದಯ ನಿಂತಾಗ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಯುವವರು ಬರಿದೇ ಎದೆಯೊತ್ತುತ್ತಿದ್ದರೂ ಆದೀತು. ಆದರೆ ನೀರಿನಲ್ಲಿ ಮುಳುಗಿದವರಿಗೆ ಉಸಿರು ಕೊಡುವುದು ಅತ್ಯಗತ್ಯ. ಸಮುದ್ರ, ಹೊಳೆಗಳ ನಡುವೆ ಬದುಕುವ ನಾವು ಎರಡನ್ನೂ ಕಲಿಯಬೇಕು.

ಪಕ್ಕೆಲುಬು ಮುರಿದರೇನು ಗತಿ ಎಂದು ಕೆಲವರು ಕೇಳಿದ್ದೀರಿ. ಮುರಿಯಬಹುದು, ಅದು ವಾಸಿಯಾಗುತ್ತದೆ. ಪರಸ್ತ್ರೀಯನ್ನು, ಪರಪುರುಷನನ್ನು ಮುಟ್ಟುವುದು ಹೇಗೆಂಬ ಸಂಕೋಚವೂ ಸಹಜವೇ, ಆದರೆ ಹೆಂಗಸರಿಗೆ ದಾರಿಹೋಕರಿಂದ ಈ ನೆರವು ಗಂಡಸರಿಗಿಂತ ಕಡಿಮೆ ಸಿಗುತ್ತದೆಂಬುದನ್ನು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಈ ಕಾರಣಕ್ಕೇ ತಾಯಂದಿರು ಹೆಚ್ಚು ಸಂಖ್ಯೆಯಲ್ಲಿ ಬರಲೆಂಬುದು ನನ್ನ ಆಸೆ.

ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ವಾಹನ ಚಾಲನಾ ಪರವಾನಗಿಗೆ ಈ ತರಬೇತಿಯನ್ನು ಕಡ್ಡಾಯಗೊಳಿಸಿತು. ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಪೈಕಿ ಮೂವತ್ತು ದಿನ ಬದುಕುಳಿದವರು 2001ರಲ್ಲಿ ಶೇ. 3.5 ಇದ್ದದ್ದು 2010ಕ್ಕೆ ಶೇ. 10.8ಕ್ಕೇರಿತು. ಬೇರೆ ಸುಧಾರಣೆಗಳೂ ಆ ಅವಧಿಯಲ್ಲಿ ನಡೆದಿದ್ದವು, ನಿಜ. ಆದರೂ ಜನಸಾಮಾನ್ಯರ ಕೈ ದೊಡ್ಡದು.

ನೆಲದ ಮೇಲೆ ಮಂಡಿಯೂರಿ ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕಿರುವುದರಿಂದ ಅನುಕೂಲವಾದ ಉಡುಪಿನಲ್ಲಿ ಬನ್ನಿ. ಮಂಡಿನೋವಿದ್ದವರು ಕುಳಿತು ನೋಡಬಹುದು. ತಂದೆತಾಯಿಗೆ ಬಿಡುವಿಲ್ಲದಿದ್ದರೆ ಅಜ್ಜಿ, ಚಿಕ್ಕಪ್ಪ, ಯಾರಾದರೂ ಸರಿ. ಲಗತ್ತಿಸಿದ ಒಪ್ಪಿಗೆ ಚೀಟಿಗೆ ಸಹಿ ಮಾಡಿ, ಬರುವವರ ಹೆಸರು ಬರೆದು, ಬುಧವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕರು