ಎರಡನೇ ಸಹಿ

ಪುಟ್ಟಿ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ನಿಮ್ಮೂರಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಿದ್ದರ ಬಗ್ಗೆ, ಚರಂಡಿ ಬಿಲ್ಲಿನ ಬಗ್ಗೆ ನೀನು ಅರ್ಜಿ ಬರೆದು ಸಹಿ ಹಾಕಿಸಿದ್ದು, ನಾಲ್ಕು ಪುಟವನ್ನೂ ಓದಿ ಮಡಿಸಿಟ್ಟಿದ್ದೆ. ಆದರೆ ಸಹಿ ಆದ ಮೇಲೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಹದಿನಾಲ್ಕು ಜನ ಸಹಿ ಹಾಕಿದ್ದರು ಮಾವ, ಮೂವರು ಆಗಲೇ ಬೇಡ ಅಂದರು, ಉಳಿದವರೂ ಹೋದರೆ ನಾನೊಬ್ಬಳೇ ಆಗ್ತೇನಲ್ವಾ" ಅಂತ. ಅದು ಬಿಡುತ್ತಿಲ್ಲ.

ಹಾಗೇನೂ ಆಗಲ್ಲ ಬಿಡು ಅಂತ ಬರೆಯಲು ಮೂರು ಸಲ ಕೂತೆ. ಕೈ ಬರಲಿಲ್ಲ. ಯಾಕಂದ್ರೆ ಹಾಗೆ ಆಗುತ್ತದೆ. ಒಂದು ಸಲ ಹಾಗೆ ಬಿಟ್ಟುಬಂದವನು ನಾನೇ.

ಇದು ನಿಮ್ಮಮ್ಮನಿಗೂ ಗೊತ್ತಿಲ್ಲ. 2009ರ ಮಾತು. ನಮ್ಮ ಹೊಸಪೇಟೆ ರಸ್ತೆ ಆಗ ಹೇಗಿತ್ತು ಅಂತ ನಿನಗೆ ನೆನಪಿರಲಾರದು. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ರಸ್ತೆ ಪಕ್ಕದಲ್ಲಿ ಒಬ್ಬ ಟೇಲರನ ಅಂಗಡಿ ಇತ್ತು. ಬೆಳಿಗ್ಗೆ ಕತ್ತರಿಸಿಟ್ಟ ಬಿಳಿ ಬಟ್ಟೆ ಸಂಜೆಗೆ ಕೆಂಪಗಾಗುತ್ತಿತ್ತು. ಅವನ ಜಗಳ ಶುರುವಾದದ್ದು ದೇಶದ ಸಂಪತ್ತಿನ ಚಿಂತೆಯಿಂದಲ್ಲ, ಆ ಬಿಳಿ ಬಟ್ಟೆಯಿಂದ. ಹಬ್ಬದ ಹೊತ್ತಿನಲ್ಲಿ ರಾತ್ರಿಯಿಡೀ ಹೊಲಿಯುವವನು. ಎಚ್ಚರ ಇರುತ್ತಿದ್ದನಲ್ಲ, ಲಾರಿ ಎಣಿಸಲು ಶುರು ಮಾಡಿದ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಂಬರು, ಹೊತ್ತು, ಟಾರ್ಪಾಲು ಇತ್ತೋ ಇಲ್ಲವೋ, ಎಲ್ಲ ಬರೆದಿಟ್ಟ. ಇಷ್ಟು ಲಾರಿಗೆ ಪರ್ಮಿಟ್ ಇದೆಯಾ, ತನಿಖೆ ಮಾಡಿ ಅಂತ ಒಂದು ಅರ್ಜಿ ಬರೆದ. ಮೊದಲ ಸಹಿ ಅವನದು. ಎರಡನೆಯದು ನನ್ನದು. ಆಮೇಲೆ ಇನ್ನೂ ಒಂಬತ್ತು.

ನಾಲ್ಕನೇ ದಿನಕ್ಕೆ ಒಬ್ಬರು ಮನೆಗೆ ಬಂದರು. ಪರಿಚಯದವರೇ. ಟೀ ಕುಡಿದರು. ಮಗಳು ಯಾವ ಕಾಲೇಜು, ಬೆಳಿಗ್ಗೆ ಎಷ್ಟು ಗಂಟೆ ಬಸ್ಸಿಗೆ ಹೋಗ್ತಾಳೆ ಅಂತ ಕೇಳಿದರು. ಅಷ್ಟೇ. ದನಿಯೂ ಏರಿಸಲಿಲ್ಲ. ಮಾರನೇ ದಿನ ಅಂಗಡಿಗೆ ಹೋಗಿ ನನ್ನ ಹೆಸರು ತೆಗೆದುಬಿಡಪ್ಪ ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ. ಸ್ಕೇಲ್ ಇಟ್ಟು ನೇರವಾಗಿ ಒಂದು ಗೆರೆ ಎಳೆದ.

ಈಗಲೂ ನನ್ನನ್ನು ಚುಚ್ಚುವುದು ಆ ಗೆರೆಯಲ್ಲ. ಎರಡನೇ ಹೆಸರು ಹೊಡೆದದ್ದನ್ನು ನೋಡಿ ಮೂರನೆಯವನು ಬಂದ. ಆಮೇಲೆ ನಾಲ್ಕನೆಯವನು. ವಾರದೊಳಗೆ ಹತ್ತೂ ಗೆರೆ. ಅವನು ಆ ಗೆರೆಗಳ ಸಮೇತ ಅರ್ಜಿ ಕಳಿಸಿದ. ಉತ್ತರ ಬರಲಿಲ್ಲ.

2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. 16,085 ಕೋಟಿ ರೂಪಾಯಿ ನಷ್ಟ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಎರಡು ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಾನು ಓಡಿಹೋಗಿ ಅವನಿಗೆ ಹೇಳಿದೆ, ಏನೋ ನಾನೇ ಗೆದ್ದವನ ಹಾಗೆ. ಅವನು ಗುಂಡಿ ಹೊಲಿಯುತ್ತಿದ್ದ. "ನಿಮ್ಮ ಪ್ಯಾಂಟು ಸೋಮವಾರ ಆಗುತ್ತೆ" ಅಂದ. ಲಾರಿ ನಿಂತ ಮೇಲೆ ಊರಿನ ದುಡ್ಡೂ ನಿಂತಿತು, ಅವನಿಗೂ ಹೊಲಿಗೆ ಕಡಿಮೆಯಾಯಿತು, ಅದು ಬೇರೆ ಕಥೆ. ಕೊನೆಯವರೆಗೂ ನನ್ನ ಬಟ್ಟೆ ಅವನೇ ಹೊಲಿದ. ಆ ಅರ್ಜಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಾದವನು ನಾನಾಗಿದ್ದೆ.

ಏನೋ ಹೇಳಲು ಹೋಗಿ ಎಲ್ಲಿಗೋ ಬಂದೆ. ನಿನ್ನ ವಿಷಯಕ್ಕೆ ಬರುತ್ತೇನೆ.

ವಾಪಸ್ ಹೋದ ಆ ಮೂವರ ಮೇಲೆ ಸಿಟ್ಟು ಬೇಡ. ಅವರ ಮನೆಗೂ ಯಾರೋ ಬಂದು ಟೀ ಕುಡಿದಿರುತ್ತಾರೆ. ನನಗೆ ಅನ್ನಿಸುವುದು ಇಷ್ಟು, ತಪ್ಪಿದ್ದರೆ ಬಿಟ್ಟುಬಿಡು. ಹದಿನಾಲ್ಕು ಜನರನ್ನು ಒಂದೇ ಹಾಳೆಯಲ್ಲಿ ನಿಲ್ಲಿಸಿದೆಯಲ್ಲ, ಅದು ನಿನ್ನ ಅರ್ಜಿಯಾಯಿತು. ಅವರು ನಿನಗೆ ಸಹಾಯ ಮಾಡಿದವರಾದರು. ಸಹಾಯ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು. ಅದರ ಬದಲು ಹೆಸರು ಹೋದ ಒಬ್ಬೊಬ್ಬರೂ ತಮ್ಮ ತಮ್ಮ ಅರ್ಜಿ ತಾವೇ ಕೊಡಲಿ. "ನಾನು ಬದುಕಿದ್ದೇನೆ, ಇದೇ ಮನೆಯಲ್ಲಿದ್ದೇನೆ, ನನ್ನ ಹೆಸರು ಯಾರು ತೆಗೆಸಿದರು?" ಅಷ್ಟೇ ಸಾಕು. ತನ್ನ ಸ್ವಂತ ವೋಟು ಕೇಳುವವರನ್ನು ಹಿಂದೆ ಸರಿಸುವುದು ಸ್ವಲ್ಪ ಕಷ್ಟ. ನಿನ್ನ ಅತ್ತೆಯವರಿಂದಲೇ ಶುರು ಮಾಡು. ಆ ಹೆಂಗಸು ಹೆದರುವ ಪೈಕಿ ಅಲ್ಲ ಅಂತ ನಿನ್ನ ಮದುವೆಯಲ್ಲೇ ನೋಡಿದ್ದೇನೆ.

ಕಲಬುರಗಿ ಜಿಲ್ಲೆಯ ಆಳಂದದ್ದು ಓದಿರುತ್ತೀಯ. 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ 6,018 ಅರ್ಜಿ ಬಂದಿದ್ದವು, ಆನ್‌ಲೈನಿನಲ್ಲಿ. ಮನೆ ಮನೆಗೆ ಹೋಗಿ ನೋಡಿದರೆ ಸರಿಯಿದ್ದದ್ದು 24. ಬಯಲಾದದ್ದು ಹೇಗೆ ಗೊತ್ತಾ? ಒಬ್ಬ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಕೈಗೆ ತನ್ನ ಸಂಬಂಧಿಕರದೇ ಹೆಸರು ತೆಗೆಯುವ ಅರ್ಜಿ ಬಂತು. ಅಲ್ಲೂ ಶುರುವಾದದ್ದು ಒಂದು ಹೆಸರಿನಿಂದ. ಪೊಲೀಸ್ ಕೇಸ್ ಆದದ್ದು ಆ ವರ್ಷ ಫೆಬ್ರವರಿಯಲ್ಲಿ, ವಿಶೇಷ ತನಿಖಾ ತಂಡ, ಎಸ್‌ಐಟಿ, ಆದದ್ದು 2025ರ ಸೆಪ್ಟೆಂಬರಿನಲ್ಲಿ. ನಡುವೆ ಎರಡೂವರೆ ವರ್ಷ. ಒಬ್ಬಳೇ ಆಗುವ ಭಯ ಮೊದಲ ವಾರದಲ್ಲಿ ಜಾಸ್ತಿ ಅಂದುಕೊಂಡಿದ್ದೀಯ. ಇಲ್ಲ ಪುಟ್ಟಿ, ಆ ನಡುವಿನ ದಿನಗಳಲ್ಲೇ ಜಾಸ್ತಿ.

ಇನ್ನು ಸಣ್ಣಪುಟ್ಟದ್ದು. ನಿನಗೆ ಗೊತ್ತೇ ಇರಬಹುದು, ಮುದುಕನ ಮಾತು ಅಂತ ಓದಿಬಿಡು. ಚರಂಡಿ ಬಿಲ್ಲನ್ನೂ ಮತದಾರರ ಪಟ್ಟಿಯನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೂ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಹೆಸರು ತೆಗೆಯಿರಿ ಅಂತ ಫಾರಂ 7 ಕೊಟ್ಟವರು ಯಾರು, ಮನೆಗೆ ಬಂದು ನೋಡಿದ ವರದಿ ಎಲ್ಲಿದೆ, ನೋಟಿಸ್ ಯಾರ ಕೈಗೆ ಕೊಟ್ಟರು ಅಂತ ಮಾತ್ರ ಕೇಳು. ತನಿಖೆ ನಡೆಯಲಿ ಬಿಡಲಿ, ಹೆಸರು ಹೋದವರೆಲ್ಲ ಫಾರಂ 6 ಕೊಟ್ಟು ಮತ್ತೆ ಸೇರಿಕೊಳ್ಳಲಿ, ಹಟಕ್ಕೆ ಬಿದ್ದು ವೋಟು ಕಳೆದುಕೊಳ್ಳುವುದು ಬೇಡ. ಚರಂಡಿಗೆ ಲೋಕಾಯುಕ್ತಕ್ಕೆ ಹೋಗುವುದಾದರೆ ಬಿಳಿ ಹಾಳೆ ಸಾಲದು, ಅವರದೇ ನಮೂನೆ, ಜೊತೆಗೆ ಅಫಿಡವಿಟ್ ಬೇಕು. ಟೇಲರ್‌ಗೆ ಇದನ್ನು ಹೇಳಿಕೊಡುವವರು ಇರಲಿಲ್ಲ. ನನಗೆ ಗೊತ್ತಿತ್ತಾ ಅಂತ ಕೇಳಬೇಡ. ಕೊಟ್ಟದ್ದಕ್ಕೆಲ್ಲ ಸೀಲ್ ಹಾಕಿಸಿಕೊಂಡೇ ಬಾ.

ಹೆಸರು ಹೇಳದೆ ಅರ್ಜಿ ಹಾಕಲಾ ಅಂತಲೂ ಕೇಳಿದ್ದೀಯ. ಬೇಡ ಅನ್ನಿಸುತ್ತದೆ. ಸತ್ಯೇಂದ್ರ ದುಬೆ ಅಂತ ಒಬ್ಬ ಎಂಜಿನಿಯರ್ ಇದ್ದರು, ಹೆದ್ದಾರಿ ಕೆಲಸದ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಅಂದಿದ್ದರು. ಪತ್ರ ಕೈಯಿಂದ ಕೈಗೆ ಹೋಯಿತು. 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ಕೊಂದರು ಅಂತ ಕೋರ್ಟಿನಲ್ಲಿ ತೀರ್ಮಾನವಾಯಿತು, ಇರಲಿ. ನಿನ್ನನ್ನು ಹೆದರಿಸಲು ಬರೆದದ್ದಲ್ಲ, ಬರೆದಮೇಲೆ ಹೊಡೆದುಹಾಕೋಣ ಅಂತಲೂ ಅನ್ನಿಸಿತು. ಅಡಗಿದವರ ಪಕ್ಕದಲ್ಲಿ ಯಾರಿಗೂ ನಿಲ್ಲಲಾಗುವುದಿಲ್ಲ ಅಂತ ಹೇಳಲು ಹೊರಟೆ. ನಾಲ್ಕು ಜನಕ್ಕೆ ಗೊತ್ತಿರಲಿ. ಅಂಚೆಯವನಿಗೂ, ಹಾಲು ಹಾಕುವವನಿಗೂ. ಕತ್ತಲಾದ ಮೇಲೆ ಒಬ್ಬಳೇ ತಾಲ್ಲೂಕಿನಿಂದ ಬರಬೇಡ.

ನಾನು ಸಹಿ ಹಾಕೋಣ ಅಂದರೆ ನನ್ನ ವೋಟು ಅಲ್ಲಿಲ್ಲ, ಪ್ರಯೋಜನವಿಲ್ಲ. ಅಹವಾಲು ಕೇಳಲು ಕರೆದ ದಿನ ಮಾತ್ರ ತಿಳಿಸು, ಫೋನ್ ಮಾಡಿದರೂ ಆಯಿತು. ಹಿಂದಿನ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಒಳಗೆ ಬಿಡದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬೆಂಚು ಇದೆಯಾ ಅಂತ ನೋಡಿಡು, ನನಗೀಗ ನೆಲದ ಮೇಲೆ ಕೂತರೆ ಏಳಲು ಆಗುವುದಿಲ್ಲ.

ನಿನ್ನ ಮಾವ