ನಮ್ಮ ಫೋನಿನ ಕರೆ ಬೇಲಿ ದಾಟಲಿ: ದೇಣಿಗೆಗಾಗಿ ಮನವಿ

ಮಾನ್ಯರೇ,

ನಮ್ಮ ವಸತಿ ಶಾಲೆಯ ಅಂಗಳದಲ್ಲಿ ಮೊಬೈಲ್ ಫೋನ್ ರಿಂಗಾಗುತ್ತದೆ. ಯಾವ ಕಂಪನಿಯ ಸಿಗ್ನಲ್ಲೂ ಇಲ್ಲಿಗೆ ತಲುಪುವುದಿಲ್ಲ. ರಿಂಗಾಗುವುದು ನಮ್ಮ ಟ್ರಸ್ಟ್ ಅನುಮತಿ ಪಡೆದು ಕಟ್ಟಿಕೊಂಡ ಪುಟ್ಟ ಖಾಸಗಿ ನೆಟ್‌ವರ್ಕಿನಲ್ಲಿ. ಮಾಳಿಗೆಯ ಮೇಲೆ ಒಂದು ಆಂಟೆನಾ, ಕೆಳಗಿನ ಕೋಣೆಯಲ್ಲಿ ಒಂದು ರೇಡಿಯೊ ಪೆಟ್ಟಿಗೆ, ಪಕ್ಕದಲ್ಲಿ ಒಂದು ಕಂಪ್ಯೂಟರ್, ಇಷ್ಟೇ ಅದರ ಸಂಸಾರ. ನಡುರಾತ್ರಿ ಮಗುವಿಗೆ ಜ್ವರ ಏರಿದರೆ ವಾರ್ಡನ್ ತಮ್ಮ ಕೀಪ್ಯಾಡ್ ಫೋನಿನಲ್ಲಿ ನಾಲ್ಕು ಅಂಕಿ ಒತ್ತಿ ನರ್ಸನ್ನು ಎಬ್ಬಿಸುತ್ತಾರೆ. ಆದರೆ ಅದೇ ಫೋನಿನಿಂದ ಆ ಮಗುವಿನ ತಾಯಿಗೆ ವಿಷಯ ತಿಳಿಸಲಾಗುವುದಿಲ್ಲ. ಕರೆ ನಮ್ಮ ಬೇಲಿಯವರೆಗೆ ಹೋಗಿ ನಿಂತುಬಿಡುತ್ತದೆ.

ಆ ಬೇಲಿ ದಾಟಿಸುವ ಕೆಲಸಕ್ಕೆ ನಿಮ್ಮ ನೆರವು ಬೇಡಿ ಈ ಪತ್ರ ಬರೆಯುತ್ತಿದ್ದೇವೆ. ಶಾಲೆಗೆ ಇಂಟರ್‌ನೆಟ್ ಇದೆ, ದೂರದ ಗುಡ್ಡದಿಂದ ಬರುವ ವೈರ್‌ಲೆಸ್ ಲಿಂಕ್. ನಮ್ಮ ನೆಟ್‌ವರ್ಕನ್ನು ಆ ಲಿಂಕ್ ಮೂಲಕ ಇಂಟರ್‌ನೆಟ್ ಟೆಲಿಫೋನ್ ಸೇವೆಗೆ ಜೋಡಿಸಿದರೆ ಇಲ್ಲಿಯ ಫೋನು ಜಗತ್ತಿನ ಯಾವ ಫೋನಿಗಾದರೂ ಮಾತಾಡುತ್ತದೆ. ಮೂರು ವಾರ ಪ್ರಯೋಗ ಮಾಡಿ ನೋಡಿದ್ದೇವೆ, ಆಗುತ್ತದೆ. ಪ್ರಯೋಗಕ್ಕೆ ತಂದಿದ್ದ ಸಾಮಾನು ಎರವಲಿನದು. ತಂದವರಿಗೆ ಹಿಂದಿರುಗಿಸಿದ ದಿನವೇ ಕರೆಗಳು ನಿಂತವು.

ಇಂಟರ್‌ನೆಟ್ ಇದ್ದ ಮೇಲೆ ವಾಟ್ಸ್‌ಆ್ಯಪ್ ಸಾಲದೇ ಎಂದು ಹಲವು ಹಿತೈಷಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ವೈಫೈ ಕೆಲವು ಕೋಣೆಗಳಿಗೆ ಸಾಕು. ಹೊಲ, ಆಟದ ಮೈದಾನ, ಹಿಂದಿನ ಕಾಲುದಾರಿಗೆ ಮುಟ್ಟುವುದಿಲ್ಲ. ಅದಕ್ಕೆ ಸ್ಮಾರ್ಟ್‌ಫೋನ್ ಬೇಕು, ದಿನಕ್ಕೊಮ್ಮೆ ಚಾರ್ಜ್ ಬೇಕು. ನಮ್ಮದು ಜಿಎಸ್‌ಎಂ, ಅಂದರೆ ಎರಡನೇ ತಲೆಮಾರಿನ (2ಜಿ) ಮೊಬೈಲ್ ಪದ್ಧತಿ. ಒಂದು ಜಿಎಸ್‌ಎಂ ಆಂಟೆನಾ ಕಿಲೋಮೀಟರುಗಟ್ಟಲೆ ಆವರಿಸುತ್ತದೆ, ಹಳೆಯ ಕೀಪ್ಯಾಡ್ ಫೋನು ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬಾಳುತ್ತದೆ. ನಮ್ಮ ಕಾವಲುಗಾರರು ಓದು ಬಲ್ಲವರಲ್ಲ, ಆದರೆ ಹಸಿರು ಗುಂಡಿ ಒತ್ತಿ ಮಾತಾಡಬಲ್ಲರು. ಮಕ್ಕಳ ಕೈಗೆ ಸ್ಮಾರ್ಟ್‌ಫೋನ್ ಕೊಡಲು ಪಾಲಕರಿಗೂ ಇಷ್ಟವಿಲ್ಲ, ನಮಗೂ ಇಷ್ಟವಿಲ್ಲ.

ಇಂಥ ಜೋಡಣೆ ನಮ್ಮ ಹೊಸ ಕನಸೇನಲ್ಲ. 2008ರಲ್ಲಿ ಅಮೆರಿಕದ ನೆವಾಡ ಮರುಭೂಮಿಯಲ್ಲಿ ನಡೆದ ಬರ್ನಿಂಗ್ ಮ್ಯಾನ್ ಮೇಳದಲ್ಲಿ ಓಪನ್‌ಬಿಟಿಎಸ್ ಎಂಬ ಮುಕ್ತ ತಂತ್ರಾಂಶವನ್ನು ಪರೀಕ್ಷಿಸಿದ್ದರು. ಡೇವಿಡ್ ಬರ್ಜೆಸ್ ಮತ್ತು ಹರ್ವಿಂದ್ ಸಮ್ರಾ ಆರಂಭಿಸಿದ ಈ ತಂತ್ರಾಂಶ ಸಾಮಾನ್ಯ ಜಿಎಸ್‌ಎಂ ಹ್ಯಾಂಡ್‌ಸೆಟ್ಟನ್ನು ನೇರವಾಗಿ ಇಂಟರ್‌ನೆಟ್ ಫೋನಿನಂತೆ ಕಾಣುವ ಹಾಗೆ ಮಾಡಿತು. 2010ರಲ್ಲಿ ಪೆಸಿಫಿಕ್ ಸಾಗರದ ನಿಯು ದ್ವೀಪದಲ್ಲಿ ಅದೇ ವ್ಯವಸ್ಥೆ ಕಾಯಂ ಆಗಿ ನೆಲೆಯಾಯಿತು. 2013ರಲ್ಲಿ ಮೆಕ್ಸಿಕೋದ ಓಹಾಕಾ ರಾಜ್ಯದ ತಾಲೆಯಾ ದೆ ಕಾಸ್ತ್ರೋ ಎಂಬ ಬೆಟ್ಟದೂರಿನ ಜನ ರೈಝೊಮ್ಯಾಟಿಕಾ ಸಂಸ್ಥೆಯ ನೆರವಿನಿಂದ ಸ್ವಂತ ಮೊಬೈಲ್ ನೆಟ್‌ವರ್ಕ್ ಎತ್ತಿ ನಿಲ್ಲಿಸಿದರು. ಹೊರಗಿನ ಕರೆಗಳು ಇಂಟರ್‌ನೆಟ್ ಮೂಲಕವೇ ಹೋಗುತ್ತಿದ್ದವು. 2016ರಲ್ಲಿ ಅಲ್ಲಿಯ ಮೂಲನಿವಾಸಿ ಸಮುದಾಯಗಳ ಒಕ್ಕೂಟಕ್ಕೆ ಸರ್ಕಾರ ತರಂಗಾಂತರದ ಪರವಾನಗಿಯನ್ನೂ ಕೊಟ್ಟಿತು. ಆ ಊರಿನ ವಿಷಯ ಓದಿದ ದಿನವೇ ನಮ್ಮ ಆಡಳಿತ ಮಂಡಳಿಯಲ್ಲಿ ಇದರ ಮಾತು ಮೊದಲಾಗಿದ್ದು.

ನಾವು ಬಳಸುತ್ತಿರುವುದು ಆಸ್ಮೋಕಾಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಅದರ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಣ ಕೊಡುವವರಿಗೆ ಅದು ಎಲ್ಲಿ ಸೇರುತ್ತದೆ ಎಂದು ತಿಳಿದಿರಬೇಕು.

ನಮ್ಮ ರೇಡಿಯೊ ಪೆಟ್ಟಿಗೆ 200 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್ ಬಳಸುತ್ತದೆ. ಜಿಎಸ್‌ಎಂ ಪದ್ಧತಿ ಆ ಚಾನೆಲ್ಲನ್ನು ಕಾಲದ ಲೆಕ್ಕದಲ್ಲಿ 8 ಪಾಲು ಮಾಡುತ್ತದೆ. ಒಂದು ಪಾಲು ನೆಟ್‌ವರ್ಕಿನ ಸ್ವಂತ ಆಡಳಿತಕ್ಕೆ, ಉಳಿದ 7 ಮಾತಿಗೆ. ಅಂದರೆ ಒಂದೇ ಹೊತ್ತಿಗೆ 7 ಕರೆ. ಯಾವ ಸಿಮ್ ನಮ್ಮದು, ಯಾವುದಕ್ಕೆ ಯಾವ ನಂಬರು ಎಂಬ ಖಾತೆ ಪುಸ್ತಕ ಕಂಪ್ಯೂಟರಿನಲ್ಲಿದೆ. ಇಲ್ಲಿಯವರೆಗಿನದು ಪೂರ್ತಿ ಮೊಬೈಲಿನ ಲೋಕ.

ಇಂಟರ್‌ನೆಟ್ ಟೆಲಿಫೋನ್ ಲೋಕದ ಮಾತೇ ಬೇರೆ. ಅಲ್ಲಿ ನಡೆಯುವುದು ಸಿಪ್ ಎಂಬ ಭಾಷೆ; ಈಗ ಬಳಕೆಯಲ್ಲಿರುವ ಅದರ ವ್ಯಾಕರಣ 2002ರಲ್ಲಿ ಆರ್‌ಎಫ್‌ಸಿ 3261 ಎಂಬ ದಾಖಲೆಯಲ್ಲಿ ನಿಗದಿಯಾಯಿತು. ಒಬ್ಬರು ಇನ್ನೊಬ್ಬರಿಗೆ ಕರೆ ಮಾಡುವುದೆಂದರೆ ಅಲ್ಲಿ ಒಂದು ಆಹ್ವಾನ ಪತ್ರಿಕೆ ಕಳಿಸಿದಂತೆ. ಆ ಕಡೆಯಿಂದ 180 ಎಂಬ ಉತ್ತರ ಬಂದರೆ ಫೋನ್ ರಿಂಗಾಗುತ್ತಿದೆ, 200 ಬಂದರೆ ಎತ್ತಿದರು, 486 ಬಂದರೆ ಬೇರೆ ಕರೆಯಲ್ಲಿದ್ದಾರೆ. ಈ ಎರಡು ಲೋಕಗಳ ನಡುವೆ ಕೂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳುವ ದುಭಾಷಿ ಬೇಕು. ಆಸ್ಮೋಕಾಮ್‌ನಲ್ಲಿ ಅದಕ್ಕೆಂದೇ ಸಿಪ್ ಕನೆಕ್ಟರ್ ಎಂಬ ಸಣ್ಣ ಪ್ರೋಗ್ರಾಮ್ ಇದೆ. ಅದರಾಚೆ ಆಸ್ಟೆರಿಸ್ಕ್ ಕೂತಿರುತ್ತದೆ. ಇದು ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುವ ತಂತ್ರಾಂಶ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳುವಷ್ಟು ಹಣವಿಲ್ಲದೆ ತಾನೇ ಕೂತು ಬರೆದದ್ದು. ಆಸ್ಟೆರಿಸ್ಕ್‌ನಿಂದ ಮುಂದೆ ಪರವಾನಗಿ ಇರುವ ಸೇವಾದಾರರ ಸಿಪ್ ಟ್ರಂಕ್, ಅಂದರೆ ಕರೆಗಳನ್ನು ಇಂಟರ್‌ನೆಟ್ ಮೂಲಕ ಹೊರಗಿನ ಫೋನ್ ಜಾಲಕ್ಕೆ ಒಯ್ಯುವ ಬಾಡಿಗೆ ಸಂಪರ್ಕ, ಅಲ್ಲಿಂದ ಊರೂರಿನ ಫೋನು.

ತಂತ್ರಾಂಶ ಅಷ್ಟೂ ಉಚಿತ. ಅದಕ್ಕಾಗಿ ನಿಮ್ಮಲ್ಲಿ ಒಂದು ಕಾಸನ್ನೂ ಕೇಳುತ್ತಿಲ್ಲ.

ಪ್ರಯೋಗದ ಮೊದಲ ವಾರದಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇವೆ. ಏಳನೇ ತರಗತಿಯ ಹುಡುಗಿಯೊಬ್ಬಳು ಮನೆಗೆ ಫೋನ್ ಮಾಡಿದಳು. ಆ ಕಡೆ ಎತ್ತಿದ್ದು ಪರದೆಯಲ್ಲಿ ಕಂಡಿತು, ಸೆಕೆಂಡುಗಳು ಎಣಿಸತೊಡಗಿದವು. ಹುಡುಗಿಗೆ ಏನೂ ಕೇಳಿಸಲಿಲ್ಲ. "ಅಮ್ಮಾ, ಅಮ್ಮಾ, ಯಾಕಮ್ಮಾ ಮಾತಾಡ್ತಿಲ್ಲ?" ಎನ್ನುತ್ತ ಅಳುವುದಕ್ಕೇ ಶುರು ಮಾಡಿದಳು. ಕೊನೆಗೆ ಫೋನ್ ಇಟ್ಟಳು. ಮರುದಿನ ಮಧ್ಯಾಹ್ನ ಆ ತಾಯಿ ಶಾಲೆಯ ಗೇಟಿನ ಮುಂದೆ ನಿಂತಿದ್ದರು. ಅವರಿಗೆ ಮಗಳ ದನಿ, ಅಳು ಎಲ್ಲಾ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಹೇಳಿದ್ದು ಮಾತ್ರ ಇಲ್ಲಿಗೆ ಬರಲಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದೆ ಬೆಳಗ್ಗೆ ಎದ್ದು ಬಂದಿದ್ದರು.

ತಪ್ಪು ನಮ್ಮದೇ. ಕರೆ ಕೂಡಿಸುವಾಗ ಸಿಪ್ ಆಹ್ವಾನದ ಒಳಗೆ "ನಿಮ್ಮ ದನಿಯನ್ನು ಈ ವಿಳಾಸಕ್ಕೆ ಕಳಿಸಿ" ಎಂಬ ಚೀಟಿ ಇರುತ್ತದೆ. ನಮ್ಮ ಕಂಪ್ಯೂಟರ್ ಆ ಚೀಟಿಯಲ್ಲಿ 192.168ರಿಂದ ಶುರುವಾಗುವ ತನ್ನ ಒಳಮನೆಯ ವಿಳಾಸ ಬರೆದಿತ್ತು. ಆ ವಿಳಾಸ ಶಾಲೆಯ ರೂಟರಿನಿಂದ ಆಚೆ ಯಾರಿಗೂ ಗೊತ್ತಿರುವುದಲ್ಲ. ಹೀಗಾಗಿ ಮಗಳ ದನಿ ಹೊರಗೆ ಹೋಯಿತು, ತಾಯಿಯ ದನಿ ದಾರಿಯಲ್ಲೇ ಕಳೆದುಹೋಯಿತು. ಆಸ್ಟೆರಿಸ್ಕ್‌ಗೆ ನಮ್ಮ ಹೊರವಿಳಾಸ ತಿಳಿಸಿ, ದನಿ ಬರುವ 10000ದಿಂದ 20000ದವರೆಗಿನ ಪೋರ್ಟುಗಳನ್ನು, ಅಂದರೆ ಇಂಟರ್‌ನೆಟ್ ಸಂಪರ್ಕದ ನಂಬರಿಟ್ಟ ಬಾಗಿಲುಗಳನ್ನು, ರೂಟರಿನಲ್ಲಿ ಸರಿಯಾಗಿ ತೆರೆದ ಮೇಲೆ ಎರಡೂ ಕಡೆ ಕೇಳಿಸಿತು. ಬದಲಾಯಿಸಿದ್ದು ಕೆಲವೇ ಸಾಲು. ಆ ಕೆಲವು ಸಾಲು ಹುಡುಕಲು ನಮಗೆ ಎರಡು ದಿನ ಹಿಡಿಯಿತು, ಬಲ್ಲವರಿಗೆ ಹತ್ತು ನಿಮಿಷದ ಕೆಲಸ. ಆದ್ದರಿಂದ ನಮ್ಮ ಮೊದಲ ಬೇಡಿಕೆ ಹಣವೂ ಅಲ್ಲ: ಆಸ್ಟೆರಿಸ್ಕ್ ಬಲ್ಲವರು ತಿಂಗಳಿಗೆ ಒಂದು ದಿನ ನಮ್ಮೊಂದಿಗೆ ಕೂರಬೇಕು, ದೂರದಿಂದಲೇ ಆದರೂ ಸರಿ. ಶ್ರಮದಾನವನ್ನು ನಾವು ದೇಣಿಗೆಯ ಪುಸ್ತಕದಲ್ಲೇ ಬರೆಯುತ್ತೇವೆ.

ಎರಡನೆಯದು ಒಂದು ಗಡಿಯಾರ. ರೇಡಿಯೊ ಪೆಟ್ಟಿಗೆಯ ಒಳಗಿನ ಗಡಿಯಾರ ಎಂದರೆ ಒಂದು ಹರಳು, ಅದರ ಕಂಪನದಿಂದಲೇ ಪ್ರಸಾರದ ತರಂಗಾಂತರ ಹುಟ್ಟುತ್ತದೆ. ಜಿಎಸ್‌ಎಂ ನಿಯಮದಂತೆ ಅದರ ತಪ್ಪು ನೂರು ಕೋಟಿಯಲ್ಲಿ 50 ಪಾಲು ಮೀರಬಾರದು. 900 ಮೆಗಾಹರ್ಟ್ಸ್‌ನಲ್ಲಿ ಇದು ಬರೀ 45 ಹರ್ಟ್ಸ್. ನಮ್ಮಲ್ಲಿರುವುದು ಸಾಧಾರಣ ಹರಳು. ಚಳಿ ಹೆಚ್ಚಿದ ಬೆಳಗುಗಳಲ್ಲಿ ಅದು ಅಲುಗುತ್ತದೆ, ಕೆಲವು ಫೋನುಗಳು ನೆಟ್‌ವರ್ಕ್ ಇಲ್ಲ ಎನ್ನುತ್ತವೆ, ಬಿಸಿಲೇರಿದ ಮೇಲೆ ತಾವಾಗಿ ಸರಿಹೋಗುತ್ತವೆ. ಒಳಗಿನ ಕರೆಗಾದರೆ ಹೋಗಿ ಕೂಗಿ ಕರೆಯಬಹುದು. ಹೊರಗಿನಿಂದ ಬೆಳಗ್ಗೆ ಆರಕ್ಕೆ ಕರೆ ಮಾಡುವ ತಂದೆಗೆ ಆ ದಾರಿಯಿಲ್ಲ. ಉಪಗ್ರಹದ ಸಂಕೇತ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಜಿಪಿಎಸ್ ಗಡಿಯಾರವೊಂದು ಬೇಕಾಗಿದೆ.

ಮೂರನೆಯದು ಬ್ಯಾಟರಿ. ಕರೆಂಟ್ ಹೋದಾಗ ರೇಡಿಯೊ ಪೆಟ್ಟಿಗೆ ಮಾತ್ರ ಬದುಕಿದರೆ ಸಾಲದು. ಕಂಪ್ಯೂಟರ್, ರೂಟರ್, ಲಿಂಕಿನ ಉಪಕರಣವೂ ಸೇರಿ ನಾಲ್ಕೂ ಉಸಿರಾಡುತ್ತಿರಬೇಕು. ಒಂದು ಸತ್ತರೂ ಹೊರಗಿನ ಕರೆ ಸತ್ತಂತೆ. ಒಂದು ಇಡೀ ರಾತ್ರಿ ನಾಲ್ಕನ್ನೂ ಹೊರುವಷ್ಟು ಬ್ಯಾಟರಿ ಮತ್ತು ಅದನ್ನು ತುಂಬಿಸುವ ಸೋಲಾರ್ ಫಲಕ ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದ ಬಾಬತ್ತು.

ಎಲ್ಲಕ್ಕಿಂತ ಕಷ್ಟದ ಬೇಡಿಕೆಯನ್ನು ಈಗ ಹೇಳುತ್ತೇವೆ. ಟವರಿಗೆ, ಕಟ್ಟಡಕ್ಕೆ ದೇಣಿಗೆ ಕೊಡುವ ಪುಣ್ಯಾತ್ಮರು ಸಿಗುತ್ತಾರೆ. ಕಣ್ಣಿಗೆ ಕಾಣುವಂಥದ್ದು, ಮೇಲೆ ಹೆಸರು ಬರೆಸಬಹುದು. ನಮಗೆ ಬೇಕಾಗಿರುವುದು ತಿಂಗಳು ತಿಂಗಳೂ ಕಟ್ಟಬೇಕಾದ ಹಣ: ಹೊರಗಿನವರು ಡಯಲ್ ಮಾಡುವ ಒಂದು ನಂಬರಿನ ಬಾಡಿಗೆ, ಟ್ರಂಕಿನ ಶುಲ್ಕ, ಕರೆಯ ನಿಮಿಷಗಳು. ಆ ಒಂದು ನಂಬರಿಗೆ ಕರೆ ಮಾಡಿ ಮಗುವಿನ ನಾಲ್ಕಂಕಿ ಒತ್ತಿದರೆ ಸಾಕು, ಆ ಮಗುವಿನ ಕೊಠಡಿಯ ಫೋನ್ ರಿಂಗಾಗುತ್ತದೆ. ಇದಕ್ಕೆ ಶಿಲಾಫಲಕವಿಲ್ಲ. ಆದರೆ ಇದು ನಿಂತ ತಿಂಗಳು ಉಳಿದ ಸಾಮಾನೆಲ್ಲ ದೂಳು ಹಿಡಿಯುತ್ತದೆ. ಒಮ್ಮೆ ದೊಡ್ಡ ಮೊತ್ತ ಕೊಡುವ ಒಬ್ಬರಿಗಿಂತ, ಪ್ರತಿ ತಿಂಗಳು ತಪ್ಪದೆ ಸಣ್ಣ ಮೊತ್ತ ಕೊಡುವ ಹತ್ತು ಜನ ನಮಗೆ ಹೆಚ್ಚು ಆಸರೆ.

ಲಿಂಕಿನ ಸಾಮರ್ಥ್ಯದ ಚಿಂತೆ ಬೇಡ. ಟ್ರಂಕ್ ಸಾಮಾನ್ಯವಾಗಿ ಕೇಳುವ ಜಿ.711 ಎಂಬ ಧ್ವನಿ ಪದ್ಧತಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು; ದನಿ ಸಣ್ಣ ಪೊಟ್ಟಣಗಳಾಗಿ ಹೋಗುವುದರಿಂದ ಪ್ರತಿ ಪೊಟ್ಟಣದ ಮೇಲಿನ ವಿಳಾಸದ ಹೊರೆ ಸೇರಿ ಒಂದು ದಿಕ್ಕಿಗೆ 80. ಏಳೂ ಕರೆ ಒಟ್ಟಿಗೆ ನಡೆದರೂ 560 ಕಿಲೋಬಿಟ್. ಅಷ್ಟು ನಮ್ಮಲ್ಲಿದೆ, ಮಾತಿನ ಪೊಟ್ಟಣಗಳಿಗೆ ರೂಟರಿನಲ್ಲಿ ಮೊದಲ ದಾರಿ ಬಿಡುವ ಏರ್ಪಾಡೂ ಆಗಿದೆ.

ನಿಮ್ಮ ಹಣ ಸೋರಿಹೋಗದಂತೆ ನಾವು ಏನು ಮಾಡಿದ್ದೇವೆ ಎಂದು ಕೇಳುವ ಹಕ್ಕು ನಿಮಗಿದೆ. ಸಿಪ್‌ನ ಬಾಗಿಲು 5060ನೇ ಪೋರ್ಟ್. ಅದನ್ನು ಇಂಟರ್‌ನೆಟ್ಟಿಗೆ ತೆರೆದ ರಾತ್ರಿಯೇ ಎಲ್ಲೆಲ್ಲಿಂದಲೋ ಯಂತ್ರಗಳು ಬಂದು 100, 101, 102 ಎಂದು ಒಂದೊಂದೇ ನಂಬರಿನ ಬೀಗ ತಟ್ಟಿ ನೋಡಿದ್ದು ನಮ್ಮ ಕಂಪ್ಯೂಟರಿನ ದಾಖಲೆಯಲ್ಲಿದೆ. ಒಳಗೆ ನುಗ್ಗಿದರೆ ನಮ್ಮ ಖರ್ಚಿನಲ್ಲಿ ದೂರದೇಶಗಳಿಗೆ ಕರೆ ಮಾಡಿ ಒಂದೇ ರಾತ್ರಿಯಲ್ಲಿ ಖಾತೆ ಬರಿದು ಮಾಡುತ್ತಾರೆ. ಮರುದಿನವೇ ಸೇವಾದಾರರ ವಿಳಾಸ ಬಿಟ್ಟು ಬೇರೆಲ್ಲಕ್ಕೂ ಆ ಬಾಗಿಲು ಮುಚ್ಚಿದೆವು. ಮುಂದೆಯೂ ಹಾಗೆಯೇ ಇರುತ್ತದೆ. ವಿದೇಶಿ ಕರೆಗಳಿಗೆ ತಡೆ, ಖಾತೆಯಲ್ಲಿ ಮುಂಗಡ ತುಂಬಿದಷ್ಟೇ ಹಣ, ಅದು ಮುಗಿದರೆ ಕರೆ ನಿಲ್ಲುತ್ತದೆಯೇ ಹೊರತು ಸಾಲ ಬೆಳೆಯುವುದಿಲ್ಲ.

ಇನ್ನೆರಡು ಮಾತು ಪಾಲಕರಿಗೆ. ಎರಡನೇ ತಲೆಮಾರಿನ ಜಿಎಸ್‌ಎಂನ ಗೂಢಲಿಪಿ ಈಗಿನ ಕಾಲಕ್ಕೆ ದುರ್ಬಲ. ಬ್ಯಾಂಕಿನ ಗುಟ್ಟುಗಳನ್ನು ಈ ಫೋನಿನಲ್ಲಿ ಹೇಳಬೇಡಿ. ಮತ್ತು ಸಿಮ್ ಇಲ್ಲದ ಫೋನಿನಿಂದಲೂ ಒತ್ತಬಹುದಾದ 112, ನಮ್ಮ ನೆಟ್‌ವರ್ಕಿನಲ್ಲಿ ಮೊದಲು ವಾರ್ಡನ್ ಕೋಣೆಯಲ್ಲಿ ರಿಂಗಾಗುತ್ತದೆ, ಅಲ್ಲಿ ರಾತ್ರಿ ಹಗಲು ಒಬ್ಬರು ಇದ್ದೇ ಇರುತ್ತಾರೆ.

ತರಂಗಾಂತರದ ಅನುಮತಿ ಪತ್ರವನ್ನೂ ಸೇವಾದಾರರೊಂದಿಗಿನ ಒಪ್ಪಂದದ ಕರಡನ್ನೂ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ತಿಂಗಳ ಲೆಕ್ಕದ ಜೊತೆಗೆ ಎಷ್ಟು ಕರೆ ಹೊರಗೆ ಹೋಯಿತು, ಎಷ್ಟು ಒಳಗೆ ಬಂತು, ಎಷ್ಟು ನಡುವೆ ಕಡಿಯಿತು ಎಂಬ ಎಣಿಕೆಯನ್ನು ಸೂಚನಾ ಫಲಕದಲ್ಲಿ ಅಂಟಿಸುತ್ತೇವೆ. ಯಾರು ಯಾರೊಂದಿಗೆ ಮಾತಾಡಿದರು ಎಂಬುದನ್ನು ಮಾತ್ರ ಎಲ್ಲೂ ತೋರಿಸುವುದಿಲ್ಲ.

ಹಣ ಕೊಡಲಾಗದವರು ಹಳೆಯ ಕೀಪ್ಯಾಡ್ ಫೋನ್ ಕಳಿಸಬಹುದು. ಮೂರೇ ಕೋರಿಕೆ: ಅದು ಜಿಎಸ್‌ಎಂ 900ರಲ್ಲಿ ಕೆಲಸ ಮಾಡುವಂತಿರಲಿ, ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿರದಿರಲಿ, ಜೊತೆಗೆ ಅದರ ಚಾರ್ಜರ್ ಇರಲಿ. ಪಿನ್ ಸಣ್ಣದಾದ ಚಾರ್ಜರುಗಳು ಈಗ ಸುಲಭವಾಗಿ ಸಿಗುವುದಿಲ್ಲ, ಚಾರ್ಜರಿಲ್ಲದೆ ಬಂದ ಹನ್ನೊಂದು ಒಳ್ಳೆಯ ಫೋನುಗಳು ಕಪಾಟಿನಲ್ಲಿ ಸುಮ್ಮನೆ ಕೂತಿವೆ. ಕಳಿಸುವ ಮುನ್ನ ನಿಮ್ಮ ಸಿಮ್, ಫೋಟೋ, ನಂಬರುಗಳನ್ನು ದಯವಿಟ್ಟು ತೆಗೆದುಬಿಡಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ